ತೇಪೆಯ ಮಾತು

ಸೋರುವ ಸೂರಿನ ಕೆಳಗೆ ಕುಳಿತು ತತ್ತ್ವವಿಚಾರ ಮಾಡುವುದು ಕಷ್ಟ. ಅದೇ ಸೂರನ್ನು ಮಾರಲು ಹೊರಟವನಿಗೆ ತತ್ತ್ವವಿಚಾರದಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ನನಗೆ ಇದು ತಿಳಿದದ್ದು ಕಳೆದ ಕಾರ್ತಿಕದಲ್ಲಿ, ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ನಮ್ಮ ಮನೆಯ ಅಂಗಳದಲ್ಲಿ.

ಅಲ್ಲಿ ತಂದೆಯವರ ಕಮಾನು ಬಂಡಿಯೊಂದು ನಿಂತಿತ್ತು. ನಾವು ಚಿಕ್ಕವರಿದ್ದಾಗ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋಗುತ್ತಿದ್ದುದು ಅದರಲ್ಲಿಯೇ. ಹಗಲು ಅದು ವಾಹನ, ರಾತ್ರಿ ಅದೇ ಮನೆ. ಕಮಾನಿನ ಕೆಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ನಾಲ್ಕು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ಈಗ ಜಾತ್ರೆಗೆ ಹೆಚ್ಚಿನವರು ಟ್ರ್ಯಾಕ್ಟರಿನಲ್ಲೋ ಜೀಪಿನಲ್ಲೋ ಹೋಗುತ್ತಾರೆ. ತಂದೆಯವರು ತೀರಿಕೊಂಡ ಮೇಲೆ, ಬೀದರಿನ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಬಂಡಿಯಿಂದೇನು ಪ್ರಯೋಜನ? ಪಕ್ಕದ ಊರಿನ ರೈತರೊಬ್ಬರು, ಬಂಡಿ ಕಟ್ಟಿಕೊಂಡೇ ಬರುತ್ತೇನೆಂದು ದೇವರಿಗೆ ಹರಕೆ ಹೊತ್ತವರು, ಬರುವ ಭಾನುವಾರ ನೋಡಲು ಬರುವುದಾಗಿ ಹೇಳಿಕಳಿಸಿದ್ದರು.

ಕಮಾನಿನ ಒಳಗಡೆ ತಟ್ಟಿಯ ಮೇಲೆ ನೀರಿಳಿದ ಕಪ್ಪು ಕಲೆಯೊಂದಿತ್ತು. ಊರಿನ ಮುದುಕ ಮೇದಾರನನ್ನು ಕರೆಸಿ, ಹೊಸ ತಟ್ಟಿ ಹೊದಿಸಿ ಮೇಲೊಂದು ತಾಡಪತ್ರಿ ಬಿಗಿದುಬಿಡು ಎಂದೆ. ಆತ ಕಲೆಯನ್ನು ಒಂದು ಗಳಿಗೆ ನೋಡಿ, “ಸೋರೋದು ಇಲ್ಲಿ ಅದ ಮಾಸ್ತರೇ, ತೂತು ಇಲ್ಲಿಲ್ಲ” ಎಂದ.

ಅವನ ಮಾತು ನಿಜವಾಗಿತ್ತು. ನೀರು ಒಳಹೊಕ್ಕಲ್ಲಿಯೇ ತೊಟ್ಟಿಕ್ಕುವುದಿಲ್ಲ; ಬಾಗಿದ ದಬ್ಬೆಯನ್ನು ಹಿಡಿದು ಇಳಿದು, ಕಟ್ಟು ಬಿಗಿದ ಕಡೆ ನಿಂತು, ಅಲ್ಲಿಂದ ಬೀಳುತ್ತದೆ. ತಟ್ಟಿ ಎತ್ತಿದಾಗ ನೆತ್ತಿಯ ಬಳಿ ಎರಡು ದಬ್ಬೆಗಳು ಹುಳು ತಿಂದು ಟೊಳ್ಳಾಗಿದ್ದವು. ಬೆರಳಿನಿಂದ ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿತು. ಬಿದಿರಿನೊಳಗಿನ ಪಿಷ್ಟವೇ ಆ ಹುಳುವಿನ ಆಹಾರ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವುದು ಆ ಪಿಷ್ಟ ಕರಗಿಹೋಗಲೆಂದೇ.

“ತಟ್ಟಿ ಹೊದಿಸಿದರೆ ಕಾಣುವುದಿಲ್ಲವಲ್ಲ?” ಎಂದೆ.

ಮುದುಕ ನಗಲಿಲ್ಲ. “ಬಂಡಿ ರಿಪೇರಿ ಮಾಡ್ಬೇಕೋ, ಕಿಮ್ಮತ್ತು ರಿಪೇರಿ ಮಾಡ್ಬೇಕೋ, ಅಷ್ಟು ಹೇಳ್ರಿ” ಎಂದ.

ನನ್ನ ಬಳಿ ಸಮರ್ಥನೆಗಳಿಗೆ ಕೊರತೆಯಿರಲಿಲ್ಲ. ಕೊಳ್ಳುವವನಿಗೂ ಕಣ್ಣಿದೆ, ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಸುಮ್ಮನಿರುವುದು ಸುಳ್ಳಲ್ಲ. ಲೋಕದ ವ್ಯಾಪಾರವೆಲ್ಲ ನಡೆಯುವುದೇ ಹೀಗೆ. ಆದರೆ ಆ ರಾತ್ರಿ ಯೋಚಿಸಿದಾಗ ಈ ತರ್ಕದ ಟೊಳ್ಳು ನನಗೇ ಕಂಡಿತು. ಕಲೆಯೆಂದರೆ ಸೂರಿನ ಮಾತು. ‘ನನಗೆ ನೋವಿದೆ’ ಎಂದು ಅದು ಹೇಳುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಬಂಡಿಯಾದರೂ ಮಾತಾಡುತ್ತಿತ್ತು. ಹುಳುಕನ್ನು ಹಾಗೆಯೇ ಬಿಟ್ಟು ಕಲೆಯನ್ನು ಮಾತ್ರ ಅಳಿಸಿದರೆ, ಅದು ಮೌನವಲ್ಲ. ನಿಜ ಹೇಳುತ್ತಿದ್ದವರ ಬಾಯಿ ಮುಚ್ಚಿದಂತೆ. ಕೈಯಿಂದ ಆಡಿದ ಸುಳ್ಳೂ ಸುಳ್ಳೇ. ಅದರ ಕೆಳಗೆ ಮಲಗುವವು ಬೇರೆಯವರ ಮಕ್ಕಳು.

12ನೆಯ ಶತಮಾನದ ಮೇದಾರ ಕೇತಯ್ಯನನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಪಾಠ ಮಾಡುತ್ತೇನೆ. ಅವನು ಕಾಯಕ ಮಾಡಿದ ಕಲ್ಯಾಣ ನಮ್ಮ ಜಿಲ್ಲೆಯದೇ. ಅವನನ್ನು ಪರೀಕ್ಷಿಸಲು ಶಿವ ಬಿದಿರಿನೊಳಗೆ ಹೊನ್ನು ತುಂಬಿಸಿಟ್ಟನಂತೆ. ಕೇತಯ್ಯ ಅದನ್ನು ಹುಳುವೆಂದೇ ಎಣಿಸಿ ಆ ಬಿದಿರನ್ನು ಬಿಟ್ಟು ಹೋದನಂತೆ. ವಿದ್ಯಾರ್ಥಿಗಳಿಗೆ ಇದನ್ನು ನಿರಾಸೆಯ ಕಥೆಯೆಂದು, ಆಸೆಯಿಲ್ಲದವನ ಕಥೆಯೆಂದು ವಿವರಿಸಿದ್ದೆ. ಅಂದು ಮಾತ್ರ ಅದು ನನ್ನನ್ನು ಚುಚ್ಚಿತು. ಅವನು ಹೊನ್ನನ್ನು ಕಂಡು ಹುಳುವೆಂದ. ನಾನು ಹುಳುವನ್ನು ಕಂಡು ಹೊನ್ನು ಲೆಕ್ಕ ಹಾಕುತ್ತಿದ್ದೆ.

ಬೀದರಿನವರಿಗೆ ಮುರಿದ ಸೂರು ಹೊಸ ನೋಟವಲ್ಲ. ಅಷ್ಟೂರಿನಲ್ಲಿ, 1461ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಹುಮಾಯೂನನ ಗೋರಿಯ ಗುಮ್ಮಟ ಸಿಡಿಲಿಗೆ ಸೀಳಿ ನಿಂತಿದೆ. ಅದರ ದಪ್ಪವೆಲ್ಲ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ಯಾರೂ ಮೋಸಹೋಗುವುದಿಲ್ಲ. ಹಾಗೆಂದು ಮುರಿದದ್ದನ್ನೆಲ್ಲ ಮುರಿದೇ ಬಿಡಬೇಕೆಂದಲ್ಲ. 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಸ್ಮಾರಕಗಳ ದುರಸ್ತಿಗೆ ಒಂದು ಸನ್ನದು ರೂಪಿಸಿದರು. ಕಳೆದುಹೋದ ಭಾಗಕ್ಕೆ ಹೊಸದನ್ನು ಕೂಡಿಸುವಾಗ ಅದು ಒಟ್ಟು ರೂಪಕ್ಕೆ ಹೊಂದಬೇಕು, ಆದರೆ ಹಳೆಯದರಿಂದ ಬೇರೆಯಾಗಿಯೂ ಗುರುತಿಗೆ ಸಿಗಬೇಕು ಎಂಬುದು ಅದರ ಒಂದು ನಿಯಮ. ಅರಮನೆಗಳಿಗೆ ಸಲ್ಲುವ ಈ ನೀತಿ ಎತ್ತಿನ ಬಂಡಿಗೂ ಸಲ್ಲದೇಕೆ?

ಮರುದಿನ ಎರಡು ದಬ್ಬೆಗಳನ್ನೂ ಬದಲಿಸಲು ಹೇಳಿದೆ. ಮುದುಕ ತನ್ನಲ್ಲಿ ನೀರುಂಡು ಒಣಗಿದ್ದ ಬಿದಿರನ್ನು ಸೀಳಿ, ಬೆಂಕಿಗೆ ಹಿಡಿದು ಬಾಗಿಸಿ ಕಟ್ಟಿದ. ಹೊಗೆಬಣ್ಣದ ಹಳೆಯ ದಬ್ಬೆಗಳ ನಡುವೆ ಹೊಸವೆರಡು ಹಳದಿಯಾಗಿ ಎದ್ದು ಕಾಣುತ್ತಿದ್ದವು. ಬಣ್ಣ ಬಳಿಯಲೇ ಎಂದು ಕೇಳಿದ, ಬೇಡವೆಂದೆ.

ಭಾನುವಾರ ರೈತರು ಬಂದರು. ಒಳಗೆ ಇಣುಕಿ ಹೊಸ ದಬ್ಬೆಯನ್ನು ಮುಟ್ಟಿ, ಏನಾಗಿತ್ತೆಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ಮೆಚ್ಚಿ ಬೆಲೆ ಏರಿಸಲಿಲ್ಲ. ‘ಹುಳ ಬಿದ್ದ ಬಂಡಿ’ ಎಂದು ನನ್ನ ಮಾತನ್ನೇ ಹಿಡಿದು ಒಂದಿಷ್ಟು ಇಳಿಸಿದರು. ಸತ್ಯಕ್ಕೆ ಸಂತೆಯಲ್ಲಿ ಬಹುಮಾನವಿದೆಯೆಂದು ಬರೆದರೆ ಅದೂ ಒಂದು ತೇಪೆಯೇ ಆದೀತು.

ದುಡ್ಡು ಎಣಿಸುವ ಮೊದಲು ಅವರು ಒಮ್ಮೆ ತಡೆದು, “ಕಮಾನಿಂದು ನೀವೇ ಹೇಳ್ದ್ರಿ. ಅಚ್ಚಿಂದೂ ನೀವೇ ಹೇಳಿಬಿಡ್ರಿ ಮಾಸ್ತರೇ, ನಾ ಮತ್ತ ನೋಡಾಂಗಿಲ್ಲ” ಎಂದರು.

ಅಚ್ಚನ್ನು ನಾನು ನೋಡಿಯೇ ಇರಲಿಲ್ಲ. ಪಂಚೆ ಎತ್ತಿಕಟ್ಟಿ, ನಲವತ್ತು ದಾಟಿದ ಮೊಣಕಾಲುಗಳನ್ನು ಬಗ್ಗಿಸಿ, ಬಂಡಿಯ ಕೆಳಗೆ ತೂರಿದೆ.