ಕಾವಲಿನವನ ಋಣ

ಒಬ್ಬನನ್ನು ಕಾಯುವ ಸಲುವಾಗಿ ಇನ್ನೊಬ್ಬನು ಮೂರನೆಯವನ ಮೇಲೆ ಕೈಮಾಡಿದರೆ ಆ ಹೊಡೆತದ ಹೊಣೆ ಯಾರದು? ಹೊಡೆದವನದೆ? ಕಾಯಿಸಿಕೊಂಡವನದೆ? ಹೊಡೆಯಲೆಂದು ಸಂಬಳ ಕೊಟ್ಟವರದೆ? ಇಲ್ಲವೆ ಹಣ ತೆತ್ತು ನೋಡಿ ಚಪ್ಪಾಳೆ ತಟ್ಟಿದವರದೆ? ಈ ಪ್ರಶ್ನೆಯನ್ನು ಯುದ್ಧ, ರಾಜ್ಯ ಮೊದಲಾದ ದೊಡ್ಡ ವಿಷಯಗಳಲ್ಲಿಟ್ಟು ಕೇಳುವುದು ವಾಡಿಕೆ. ನಾವು ಅದನ್ನು ಒಂದು ಆಟದಲ್ಲಿಟ್ಟು ಕೇಳಬಯಸುತ್ತೇವೆ. ಆಟದಲ್ಲಿ ನೆಪಗಳು ಕಡಮೆ. ಆದುದರಿಂದ ಹೊಣೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

ಕೆನಡ ಮತ್ತು ಅಮೆರಿಕಗಳಲ್ಲಿ ಐಸ್ ಹಾಕಿ ಬಹು ಜನಪ್ರಿಯವಾದ ಆಟ. ಮಂಜುಗಡ್ಡೆಯ ನೆಲದ ಮೇಲೆ, ಉಕ್ಕಿನ ಅಲಗುಳ್ಳ ಪಾದರಕ್ಷೆ ತೊಟ್ಟ ಆಟಗಾರರು ಕೋಲುಗಳಿಂದ ರಬ್ಬರಿನ ಬಿಲ್ಲೆಯೊಂದನ್ನು ಎದುರು ಪಕ್ಷದ ಗೋಲಿಗೆ ಅಟ್ಟುತ್ತಾರೆ. ಮೈಗೆ ಮೈ ಡಿಕ್ಕಿ ಹೊಡೆಯುವುದು ಈ ಆಟದಲ್ಲಿ ಸಹಜ. ಇದರ ಅತ್ಯುನ್ನತ ವೃತ್ತಿಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ ಮಾಂಟ್ರಿಯಲ್ ನಗರದಲ್ಲಿ 1917ರಲ್ಲಿ ಸ್ಥಾಪಿತವಾಯಿತು. 1922ರಲ್ಲಿ ಅದು ಮುಷ್ಟಿಕಾಳಗಕ್ಕೆ ಒಂದು ನಿಯಮವನ್ನು ವಿಧಿಸಿತು: ಗುದ್ದಾಡಿದವನನ್ನು ಪಂದ್ಯದಿಂದ ಹೊರದೂಡದೆ ಐದು ನಿಮಿಷ ಹೊರಗೆ ಕೂರಿಸತಕ್ಕದ್ದು. ಒಲಿಂಪಿಕ್ ಪಂದ್ಯಗಳಲ್ಲಿ ಗುದ್ದಾಡಿದವನಿಗೆ ಆ ದಿನದ ಆಟವೇ ಮುಗಿಯಿತು. ಲೀಗಿನಲ್ಲಿ ಐದು ನಿಮಿಷ ಕಳೆದರೆ ಅವನು ಮತ್ತೆ ಕಣಕ್ಕಿಳಿಯಬಹುದು. ನಿಷೇಧಿಸಿದ ಕೃತ್ಯಕ್ಕೆ ಹೀಗೆ ಒಂದು ಬೆಲೆ ಗೊತ್ತಾಯಿತು. ಬೆಲೆ ಗೊತ್ತಾದ ಮೇಲೆ ಕೊಳ್ಳುವವರೂ ಬಂದರು.

ಹಾಗೆ ಬೆಳೆದುದೇ 'ಎನ್‌ಫೋರ್ಸರ್' ಎಂಬ ವೃತ್ತಿ. ನಾವು ಅವನನ್ನು ಕಾವಲಿನವನೆಂದು ಕರೆಯೋಣ. ತನ್ನ ತಂಡದ ಚತುರ ಆಟಗಾರನಿಗೆ ಪೆಟ್ಟು ಕೊಟ್ಟವನನ್ನು ಗುದ್ದಾಟಕ್ಕೆ ಕರೆಯುವುದು ಅವನ ಕೆಲಸ. 1963ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಬೆಲಿವೋ ಎಂಬ ಶ್ರೇಷ್ಠ ಆಟಗಾರನ ರಕ್ಷಣೆಗೆಂದು ಜಾನ್ ಫರ್ಗುಸನ್ನನನ್ನು ತಂದಿತು. ಮೊದಲ ಪಂದ್ಯದ ಹನ್ನೆರಡನೆಯ ಸೆಕೆಂಡಿನಲ್ಲೇ ಅವನು ಬಾಸ್ಟನ್ನಿನ ಟೆಡ್ ಗ್ರೀನನೊಡನೆ ಗುದ್ದಾಟಕ್ಕಿಳಿದನು. ಅದೇ ಪಂದ್ಯದಲ್ಲಿ ಎರಡು ಗೋಲುಗಳನ್ನೂ ಹೊಡೆದನು. ಫಿಲಡೆಲ್ಫಿಯ ತಂಡದ ಡೇವ್ ಶುಲ್ಟ್ಸ್ 1974–75ರ ಒಂದೇ ಋತುವಿನಲ್ಲಿ 472 ನಿಮಿಷಗಳ ದಂಡನೆ ಪಡೆದನು. ಪಂದ್ಯವೊಂದಕ್ಕೆ ಅರುವತ್ತು ನಿಮಿಷ. ಎಂದರೆ ಹೆಚ್ಚುಕಡಮೆ ಎಂಟು ಪಂದ್ಯಗಳಷ್ಟು ಹೊತ್ತು. ಆ ದಾಖಲೆ ಇನ್ನೂ ಮುರಿದಿಲ್ಲ. 1988ರಲ್ಲಿ ವೇಯ್ನ್ ಗ್ರೆಟ್ಸ್ಕಿ ಎಡ್ಮಂಟನ್ನಿನಿಂದ ಲಾಸ್ ಏಂಜಲೀಸಿಗೆ ಹೋದಾಗ ಕಾವಲಿನವನಾದ ಮಾರ್ಟಿ ಮೆಕ್‌ಸಾರ್ಲಿಯೂ ಜೊತೆಯಲ್ಲೇ ಹೋದನು.

ಈ ವೃತ್ತಿಗೆ ಧರ್ಮವೇ ಇರಲಿಲ್ಲವೆಂದರೆ ಅನ್ಯಾಯವಾದೀತು. ಒಲ್ಲದವನನ್ನು ಹೊಡೆಯಬಾರದು, ಬಿದ್ದವನನ್ನು ಗುದ್ದಬಾರದು, ಹಿಂದಿನಿಂದ ಎರಗಬಾರದು. ಇವು ಎಲ್ಲಿಯೂ ಬರೆದಿಡದ ಕಟ್ಟಳೆಗಳು. ಅವನ್ನು ಮೀರಿದವನನ್ನು ವೃತ್ತಿಬಾಂಧವರೇ ಹೀನವಾಗಿ ಕಾಣುತ್ತಿದ್ದರು. 2000ದಲ್ಲಿ ಇದೇ ಮೆಕ್‌ಸಾರ್ಲಿ ಡೊನಾಲ್ಡ್ ಬ್ರಾಷಿಯರನ ತಲೆಗೆ ಕೋಲಿನಿಂದ ಹೊಡೆದಾಗ ವ್ಯಾಂಕೂವರಿನ ನ್ಯಾಯಾಲಯ ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು. ಕೋಲಿನ ಪೆಟ್ಟು ನ್ಯಾಯಾಲಯಕ್ಕೆ ಹೋಯಿತು. ಮುಷ್ಟಿಯ ಪೆಟ್ಟು ಐದು ನಿಮಿಷದಲ್ಲಿ ತೀರುತ್ತಿತ್ತು.

ಸಮರ್ಥಕರ ವಾದ ದುರ್ಬಲವಾದುದಲ್ಲ. ಕಾವಲಿಲ್ಲದಿದ್ದರೆ ಮಾತ್ಸ್ಯನ್ಯಾಯ ತಲೆಯೆತ್ತುತ್ತದೆ. ಒರಟರು ಚತುರರನ್ನು ನುಂಗುತ್ತಾರೆ. ಒಂದು ಗುದ್ದಾಟದ ಭಯ ಹತ್ತು ಗಾಯಗಳನ್ನು ತಪ್ಪಿಸುತ್ತದೆ. ಕಾದುವ ಇಬ್ಬರೂ ಒಪ್ಪಿಯೇ ಕಾದುತ್ತಾರೆ ಎಂದು ಅವರು ಹೇಳುತ್ತಾರೆ.

ಆದರೆ ಮಾತ್ಸ್ಯನ್ಯಾಯಕ್ಕೆ ಮದ್ದೆಂದು ನಮ್ಮ ಹಿರಿಯರು ಹೇಳಿದುದು ದಂಡವನ್ನು. ಆ ದಂಡವನ್ನು ಹಿಡಿಯಬೇಕಾದವನು ಅರಸು. ಈ ಆಟದಲ್ಲಿ ಅರಸಿಲ್ಲದೆ ಇರಲಿಲ್ಲ. ತೀರ್ಪುಗಾರರಿದ್ದರು, ನಿಯಮವಿತ್ತು, ಒರಟನನ್ನು ಹೊರಗಟ್ಟುವ ಅಧಿಕಾರವೂ ಇತ್ತು. ಅದನ್ನು ಸಾಕಷ್ಟು ಬಳಸದೆ, ಉಳಿದ ನ್ಯಾಯವನ್ನು ಒಬ್ಬ ಯುವಕನ ಗೆಣ್ಣುಗಳಿಗೆ ಒಪ್ಪಿಸಲಾಯಿತು. ತಾನು ಮಾಡಬೇಕಾದ ದಂಡನೆಯನ್ನು ಕೂಲಿಗೆ ಕೊಟ್ಟ ಅರಸು ಅದರ ಪಾಪವನ್ನೂ ಕೂಲಿಯವನಿಗೆ ದಾಟಿಸಿದೆನೆಂದು ತಿಳಿಯುವುದು ಸಲ್ಲದು.

ಒಪ್ಪಿಗೆಯ ಮಾತನ್ನೂ ತೂಗಿ ನೋಡೋಣ. ಸಾಸ್ಕಚವಾನ್ ಪ್ರಾಂತದಲ್ಲಿ ಹುಟ್ಟಿದ ಡೆರಿಕ್ ಬೂಗಾರ್ಡ್ ಲೀಗಿನಲ್ಲಿ ಆಡಿದ 277 ಪಂದ್ಯಗಳಲ್ಲಿ ಹೊಡೆದ ಗೋಲುಗಳು ಮೂರೇ ಮೂರು. ಅವನಿಗೆ ಆ ಮಟ್ಟದಲ್ಲಿ ಸ್ಥಾನ ದೊರೆತುದು ಮುಷ್ಟಿಯಿಂದ. ಗುದ್ದಾಡಲೊಲ್ಲೆನೆಂದರೆ ಆಡುವುದೂ ಇಲ್ಲವೆಂಬ ಕಡೆ ಒಪ್ಪಿಗೆಗೆ ಎಷ್ಟು ತೂಕ? 2011ರ ಮೇ ತಿಂಗಳಲ್ಲಿ, 28ನೆಯ ವಯಸ್ಸಿನಲ್ಲಿ, ನೋವುನಿವಾರಕ ಮದ್ದು ಮತ್ತು ಮದ್ಯ ಒಂದಾಗಿ ಅವನು ಅಕಸ್ಮಾತ್ತಾಗಿ ತೀರಿಕೊಂಡನು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಸಿ.ಟಿ.ಇ. ಎಂಬ ರೋಗ ಅವನ ಮಿದುಳಿನಲ್ಲಿ ಕಂಡುಬಂದಿತು. 2010ರಲ್ಲಿ 45ನೆಯ ವಯಸ್ಸಿನಲ್ಲಿ ಮಡಿದ ಬಾಬ್ ಪ್ರೋಬರ್ಟನ ಮಿದುಳಿನಲ್ಲಿಯೂ ಅದೇ ರೋಗವಿತ್ತು. ಈ ಕಾವಲಿನವರು ತಮ್ಮ ಸಮಕಾಲೀನ ಆಟಗಾರರಿಗಿಂತ ಸುಮಾರು ಹತ್ತು ವರ್ಷ ಮುಂಚಿತವಾಗಿ ಸಾಯುತ್ತಾರೆಂದು 2023ರ ಒಂದು ವೈದ್ಯಕೀಯ ಅಧ್ಯಯನ ತೋರಿಸಿತು. ಕಟ್ಟಳೆ ಎಲ್ಲರನ್ನೂ ಕಾಯಿತು. ಅದನ್ನು ಪಾಲಿಸಿದವರನ್ನು ಮಾತ್ರ ಕಾಯಲಿಲ್ಲ.

ತಲೆಪೆಟ್ಟಿನ ಬಗೆಗೆ ನಿವೃತ್ತ ಆಟಗಾರರು ಹೂಡಿದ ವ್ಯಾಜ್ಯದಲ್ಲಿ ಲೀಗು 2018ರಲ್ಲಿ ಸುಮಾರು 1 ಕೋಟಿ 90 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಹಣ ಕೊಟ್ಟಿತು, ಹೊಣೆಯನ್ನು ಒಪ್ಪಲಿಲ್ಲ. ಹಣದಿಂದ ತೀರುವುದು ಸಾಲ. ಋಣವು ಮೊದಲು ಋಣವೆಂದು ಒಪ್ಪಿಕೊಂಡಾಗಲೇ ತೀರತೊಡಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಲೀಗಿನ ಗುದ್ದಾಟಗಳು ಬಹಳ ಕಡಮೆಯಾಗಿವೆ. ಕೇವಲ ಕಾದುವುದಕ್ಕೆಂದೇ ಇರುವ ಆಟಗಾರನು ಅಪರೂಪನಾಗಿದ್ದಾನೆ. ಕ್ವಿಬೆಕ್ಕಿನ ಕಿರಿಯರ ಲೀಗು 2023ರಲ್ಲಿ ಗುದ್ದಾಟವನ್ನು ನಿಷೇಧಿಸಿ, ಗುದ್ದಾಡಿದವನನ್ನು ಪಂದ್ಯದಿಂದಲೇ ಹೊರಕಳುಹಿಸುವ ನಿಯಮ ಮಾಡಿತು. ಆಟ ನಿಲ್ಲಲಿಲ್ಲ, ಚತುರರು ಆಡುತ್ತಲೇ ಇದ್ದಾರೆ. ಅನಿವಾರ್ಯವೆಂದು ಹೇಳುತ್ತಿದ್ದುದು ಅಷ್ಟೇನೂ ಅನಿವಾರ್ಯವಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಹೊಣೆ ಯಾರದು? ಕಾವಲಿನವನು ತನ್ನ ಮುಷ್ಟಿಗೆ ಹೊಣೆಗಾರನು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವನು ತನ್ನ ಪಾಲನ್ನು ಮೈಯಲ್ಲಿಯೇ ತೆತ್ತಿದ್ದಾನೆ. ಕಾಯಿಸಿಕೊಂಡವರು, ಕಾಯಿಸಿದವರು, ಗುದ್ದಾಟ ಮೊದಲಾದೊಡನೆ ಆಸನ ಬಿಟ್ಟೆದ್ದು ಕೂಗಿದವರು, ಇವರೆಲ್ಲರ ಪಾಲು ಇನ್ನೂ ಬಾಕಿಯಿದೆ. ನಮ್ಮ ಪರವಾಗಿ ಇನ್ನೊಬ್ಬನು ಕಠಿಣನಾಗಲೆಂದು ಬಯಸುವಾಗ, ಅವನು ಸಂಜೆ ಮನೆಗೆ ಹೇಗೆ ಮರಳುತ್ತಾನೆಂದು ವಿಚಾರಿಸುವುದೂ ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ.