ಕೈಯ ಚಲನೆ, ನಾದದ ಸತ್ಯ

ಅಂತರಂಗದ ಭಾವವು ದೇಹದ ಮೂಲಕವೇ ಹೊರಹೊಮ್ಮುತ್ತದೆ. ಆದರೆ ದೇಹವು ತೋರುವುದೆಲ್ಲವೂ ಅಂತರಂಗದ ಸತ್ಯವೇ? ಈ ಹಳೆಯ ಪ್ರಶ್ನೆಯ ಮೇಲೆ ಪಿಯಾನೊ ವಾದ್ಯವು ಬೆಳಕು ಚೆಲ್ಲುತ್ತದೆ.

1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿಯು ಈ ವಾದ್ಯವನ್ನು ನಿರ್ಮಿಸಿದನು. ಇದರಲ್ಲಿ ಕೀಲಿಯನ್ನು ಒತ್ತಿದಾಗ ಒಂದು ಪುಟ್ಟ ಸುತ್ತಿಗೆ ತಂತಿಯತ್ತ ಚಿಮ್ಮುತ್ತದೆ. ಅದರ ವೇಗ ಹೆಚ್ಚಿದರೆ ಧ್ವನಿ ಗಟ್ಟಿ, ಕಡಿಮೆಯಾದರೆ ಮೃದು. ಇಂದಿನ ಪಿಯಾನೊದಲ್ಲಿ ಕೀಲಿಯು ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್ ಮಾತ್ರ. ತಂತಿಯನ್ನು ಮುಟ್ಟುವ ತುಸು ಮುಂಚೆಯೇ ಸುತ್ತಿಗೆಯು ಕೀಲಿಯ ಹಿಡಿತದಿಂದ ಬಿಡುಗಡೆ ಹೊಂದುತ್ತದೆ. ಆ ಬಳಿಕ ಬೆರಳನ್ನು ಎಷ್ಟು ನಡುಗಿಸಿದರೂ ಆ ಹೊಡೆತ ಬದಲಾಗದು. ಕೀಲಿಯನ್ನು ಹಿಡಿದು ನಾದವನ್ನು ಉಳಿಸಬಹುದು, ಬಿಟ್ಟು ಅಡಗಿಸಬಹುದು. ಪಿಟೀಲು ವಾದಕನು ಮೊಳಗುತ್ತಿರುವ ಸ್ವರವನ್ನೂ ಕಮಾನಿನಿಂದ ತಿದ್ದಬಲ್ಲನು. ಪಿಯಾನೊ ವಾದಕನಿಗೆ ಆ ಭಾಗ್ಯವಿಲ್ಲ.

ಹಾಗಾದರೆ ತೋಳನ್ನು ಮೇಲೆತ್ತುವುದು, ಮೈಯನ್ನು ಬಾಗಿಸುವುದು ಬರಿಯ ಪ್ರದರ್ಶನವೇ? ಅಮೆರಿಕದ ಓಟ್ಟೊ ಓರ್ಟ್‌ಮನ್ ಅವರು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಿಡಿ ಸ್ವರದ ಗುಣವು ಮುಖ್ಯವಾಗಿ ಸುತ್ತಿಗೆಯ ವೇಗವನ್ನೇ ಅವಲಂಬಿಸಿದೆಯೆಂದು ಪ್ರಯೋಗಗಳ ಆಧಾರದಿಂದ ವಾದಿಸಿದರು. ಸ್ಪರ್ಶದಿಂದ ನಾದದ ಬಣ್ಣವೇ ಬದಲಾಗುತ್ತದೆಂದು ನಂಬಿದ ವಾದಕರು ಇದನ್ನು ಒಪ್ಪಲಿಲ್ಲ. 2025ರಲ್ಲಿ ಜಪಾನಿನ ಸಂಶೋಧಕರು ಕೀಲಿಗಳ ಚಲನೆಯನ್ನು ಅತಿ ಸೂಕ್ಷ್ಮವಾಗಿ ಅಳೆದು, ವಾದಕರು ಉದ್ದೇಶಿಸಿದ ಬಣ್ಣವನ್ನು ಕೇಳುಗರು ಗುರುತಿಸಬಲ್ಲರೆಂದು ತಿಳಿಸಿದರು. ಈ ಚರ್ಚೆಯ ನಡುವೆಯೂ ಒಂದು ಮಾತು ಉಳಿಯುತ್ತದೆ: ಹೊಡೆತದ ಗುಣವನ್ನು ನಿರ್ಧರಿಸುವುದು ಸುತ್ತಿಗೆ ಕೈಬಿಟ್ಟು ಹೋಗುವುದಕ್ಕೆ ಮುಂಚಿನ ಚಲನೆ.

ಹಾಗೆಂದು ಮೌನ ಚಲನೆಗಳೆಲ್ಲವೂ ಸುಳ್ಳಲ್ಲ. ಗಂಭೀರವಾದ ನಾದಕ್ಕೆ ಭುಜದಿಂದಲೇ ತೋಳಿನ ಭಾರ ಇಳಿದುಬರಬೇಕು. ಸ್ವರ ನುಡಿದ ಮೇಲೆ ಮಣಿಕಟ್ಟು ಮೇಲೇಳುವುದು ಬಿಗಿತವನ್ನು ಸಡಿಲಿಸಿ ಮುಂದಿನ ಸ್ವರಕ್ಕೆ ಕೈಯನ್ನು ಅಣಿಗೊಳಿಸುತ್ತದೆ. ಇಂತಹ ಚಲನೆ ನಾದದ ಸೇವಕ. ನೋಡುವವರ ಕಣ್ಣಿಗಾಗಿಯೇ ಮಾಡಿದ ಚಲನೆಯಾದರೋ ನಾದಕ್ಕೆ ಏನನ್ನೂ ಕೊಡದೆ ಹೊಗಳಿಕೆಯನ್ನು ಮಾತ್ರ ಬೇಡುತ್ತದೆ. ವ್ಲಾಡಿಮಿರ್ ಹೊರೊವಿಟ್ಸ್ (1903–1989) ಮೈಯನ್ನು ಬಹುತೇಕ ಅಲುಗಿಸದೆಯೇ ಗುಡುಗಿನಂತಹ ನಾದವನ್ನು ಹೊರಡಿಸುತ್ತಿದ್ದರು.

ತಪ್ಪು ವಾದಕನದಷ್ಟೇ ಅಲ್ಲ. 2013ರಲ್ಲಿ ಪ್ರಕಟವಾದ ಚಿಯಾ-ಜಂಗ್ ತ್ಸೇ ಅವರ ಅಧ್ಯಯನದಲ್ಲಿ, ಸಂಗೀತ ಸ್ಪರ್ಧೆಗಳ ವಿಜೇತರನ್ನು ಧ್ವನಿ ಕೇಳಿದವರಿಗಿಂತ ಧ್ವನಿಯಿಲ್ಲದ ದೃಶ್ಯವನ್ನು ನೋಡಿದವರೇ ಹೆಚ್ಚು ಸರಿಯಾಗಿ ಗುರುತಿಸಿದರು. ಸಂಗೀತದಲ್ಲಿ ಧ್ವನಿಯೇ ಮುಖ್ಯವೆಂದು ಹೇಳುವ ತಜ್ಞರೂ ಇದಕ್ಕೆ ಹೊರತಾಗಿರಲಿಲ್ಲ. ನಾವು ಕಿವಿಯಿಂದ ಕೇಳುತ್ತೇವೆಂದು ನಂಬಿ ಕಣ್ಣಿನಿಂದ ತೀರ್ಪು ಕೊಡುತ್ತೇವೆ. ನೋಡುಗರು ಬಯಸಿದ್ದನ್ನೇ ವಾದಕನು ಕೊಡಲು ತೊಡಗಿದರೆ ಆಶ್ಚರ್ಯವೇನು?

ಜೀವನದಲ್ಲಿಯೂ ಹೀಗೆಯೇ ಅಲ್ಲವೇ? ಆಡಿದ ಮಾತು ಸುತ್ತಿಗೆಯಂತೆ ನಮ್ಮ ಕೈಮೀರಿ ಹೋಗುತ್ತದೆ. ಅನಂತರದ ನಗೆ, ಕೈಸನ್ನೆಗಳು ಅದರ ಪೆಟ್ಟನ್ನು ಹಿಂದಕ್ಕೆ ಪಡೆಯಲಾರವು. ಮಾತಿಗೆ ಮುಂಚಿನ ಸಿದ್ಧತೆಯಲ್ಲಿಯೇ ನಮ್ಮ ಹೊಣೆಯಿದೆ. ಮುಂದಿನ ಮಾತನ್ನು ಮೃದುವಾಗಿಸುವ ಮೌನವೂ ಆ ಸಿದ್ಧತೆಯೇ.

ಯಾರೂ ನೋಡದ ಕೋಣೆಯಲ್ಲಿಯೂ ಈ ಚಲನೆಯನ್ನು ಮಾಡುತ್ತಿದ್ದೆನೇ ಎಂದು ವಾದಕನು ತನ್ನನ್ನೇ ಕೇಳಿಕೊಳ್ಳಲಿ. ನಮ್ಮ ಮಕ್ಕಳು ವೇದಿಕೆಯ ಮೇಲೆ ನುಡಿಸುವಾಗ ನಾವಾದರೂ ಕ್ಷಣಕಾಲ ಕಣ್ಣು ಮುಚ್ಚಿ ಕೇಳೋಣ. ಆಗ ಅವರು ತೋರಿಸಿಕೊಳ್ಳುವುದಕ್ಕಿಂತ ಮುಂಚೆ ನುಡಿಸುವುದನ್ನು ಕಲಿತಾರು.