ನಡುವಿನವನ ಬೆಲೆ

ಗೋಲು ಹೊಡೆಯುವುದು ಮುಂದಿನವರ ಕೆಲಸ, ತಡೆಯುವುದು ಹಿಂದಿನವರ ಕೆಲಸ. ಹಾಗಾದರೆ ನಡುವೆ ಓಡಾಡಿಕೊಂಡಿರುವವನಿಗೆ ಏನು ಕೆಲಸ? ಕಾಲ್ಚೆಂಡಾಟದ ವಿಷಯವಾಗಿ ಮಿತ್ರರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ಕ್ರಿಕೆಟ್ಟಿನಲ್ಲಿ ಪ್ರತಿಯೊಬ್ಬನ ಗಳಿಕೆಯೂ ಅವನ ಹೆಸರಿನ ಮುಂದೆ ಬರೆದಿರುತ್ತದೆ. ಕಾಲ್ಚೆಂಡಿನಲ್ಲಿ ಲೆಕ್ಕಕ್ಕೆ ಬರುವುದು ಗೋಲು ಒಂದೇ. ತೊಂಬತ್ತು ನಿಮಿಷದ ಆಟದಲ್ಲಿ ಅಂಥ ಗಳಿಗೆಗಳು ಎರಡೋ ಮೂರೋ ಬಂದಾವು. ಉಳಿದ ಹೊತ್ತಿನಲ್ಲಿ ನಡೆಯುವುದಕ್ಕೆ ಹೆಸರೇ ಇಲ್ಲ. ಆ ಹೆಸರಿಲ್ಲದ ಹೊತ್ತಿನ ಯಜಮಾನ ನಡುವಿನವನು. ಹಿಂದೆ ಅವನನ್ನು ಹಾಫ್‌ಬ್ಯಾಕ್ ಎನ್ನುತ್ತಿದ್ದರು, ಈಗ ಮಿಡ್‌ಫೀಲ್ಡರ್ ಎನ್ನುತ್ತಾರೆ.

ನಾನು ಆಟಗಾರನಲ್ಲ, ನೋಡುವವನು ಮಾತ್ರ. ಆದರೆ ನೋಡುವುದಕ್ಕೂ ಅಭ್ಯಾಸ ಬೇಕು. ಪಂದ್ಯದ ಮೊದಲ ಹತ್ತು ನಿಮಿಷ ಚೆಂಡನ್ನು ಬಿಟ್ಟು ನಡುವಿನವನೊಬ್ಬನನ್ನೇ ನೋಡುವುದು ನನ್ನ ಪದ್ಧತಿ. ಟೆಲಿವಿಷನ್ನಿನ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಅವನು ಆಗಾಗ ಚೌಕಟ್ಟಿನಿಂದ ಮರೆಯಾಗುತ್ತಾನೆ; ಮತ್ತೆ ಕಾಣಿಸಿಕೊಳ್ಳುವ ಹೊತ್ತಿಗೆ ಬೇರೊಂದು ಜಾಗದಲ್ಲಿರುತ್ತಾನೆ. ಆಟದುದ್ದಕ್ಕೂ ಅವನು ಓಡುವ ದೂರ ಹತ್ತು ಹನ್ನೆರಡು ಕಿಲೋಮೀಟರು. ಚೆಂಡು ಅವನ ಕಾಲಲ್ಲಿರುವುದು ಎಲ್ಲ ಸೇರಿ ಎರಡು ಮೂರು ನಿಮಿಷ. ಹಾಗಾದರೆ ಉಳಿದ ಹೊತ್ತೆಲ್ಲ ಏನು ಮಾಡುತ್ತಾನೆ?

ಮೊದಲನೆಯದಾಗಿ, ನೋಡುತ್ತಾನೆ. ಚೆಂಡು ಬರುವ ಮುಂಚೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ, ತನ್ನ ಬೆನ್ನ ಹಿಂದೆ ಯಾರಿದ್ದಾರೆ, ಬಯಲು ಎಲ್ಲಿದೆ ಎಂದು ಅರಿತಿರುತ್ತಾನೆ. ಬಾರ್ಸಿಲೋನಾದ ಶಾವಿ ಈ ಗುಣಕ್ಕೆ ಹೆಸರಾಗಿದ್ದ. ಚೆಂಡು ಕಾಲಿಗೆ ತಾಕುವಾಗ ಅವನಿಗೆ ಯೋಚಿಸುವುದು ಏನೂ ಉಳಿದಿರುತ್ತಿರಲಿಲ್ಲ. ಎರಡನೆಯದಾಗಿ, ನಿಲ್ಲುತ್ತಾನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎದುರಾಳಿ ತನ್ನವನಿಗೆ ಚೆಂಡು ಕಳುಹಿಸಲು ತಲೆಯೆತ್ತುತ್ತಾನೆ. ಆ ದಾರಿಯಲ್ಲಿ ಇವನು ನಿಂತಿದ್ದಾನೆ. ಎದುರಾಳಿ ಮನಸ್ಸು ಬದಲಿಸಿ ಚೆಂಡನ್ನು ಹಿಂದಕ್ಕೆ ತಳ್ಳುತ್ತಾನೆ. ಪ್ರೇಕ್ಷಕರ ಪಾಲಿಗೆ ಅಲ್ಲಿ ಏನೂ ಆಗಲಿಲ್ಲ. ನಿಜವಾಗಿ ಆದದ್ದೇನೆಂದರೆ, ಆಗಬಾರದ್ದು ಆಗದೆ ಹೋಯಿತು. ಕಿತ್ತುಕೊಂಡ ಚೆಂಡನ್ನೂ ಅಡ್ಡಗಟ್ಟಿದ ಚೆಂಡನ್ನೂ ಈಗ ಎಣಿಸಿ ಬರೆದಿಡುವವರಿದ್ದಾರೆ. ಆದರೆ ಎದುರಾಳಿ ಕಳುಹಿಸಲು ಹೋಗಿ ಕೈಬಿಟ್ಟ ಚೆಂಡನ್ನು ಎಣಿಸುವುದು ಹೇಗೆ?

ಇಲ್ಲಿಂದ ಮುಂದೆ ಪ್ರಶ್ನೆ ಆಟದ ಎಲ್ಲೆಯನ್ನು ದಾಟುತ್ತದೆ. ಯಾರ ದುಡಿಮೆಯ ಫಲ ಒಂದು ಇಲ್ಲದಿರುವಿಕೆಯೋ, ಅವರಿಗೆ ನಾವು ಸಲ್ಲಿಸಬೇಕಾದದ್ದು ಏನು?

ಈ ಪ್ರಶ್ನೆಯನ್ನು ಎದುರಿಸಿದ ಒಂದು ದೊಡ್ಡ ಸಂಸ್ಥೆಯ ಕಥೆ ಇದೆ. ಸ್ಪೇನಿನ ರಿಯಲ್ ಮ್ಯಾಡ್ರಿಡ್ 2000ದಿಂದ ಬೇಸಿಗೆಗೊಬ್ಬರಂತೆ ಲೋಕಪ್ರಸಿದ್ಧರನ್ನು ಕೊಂಡಿತು. ಮೊದಲು ಫಿಗೊ, 2001ರಲ್ಲಿ ಜಿದಾನ್, 2002ರಲ್ಲಿ ರೊನಾಲ್ಡೊ, 2003ರಲ್ಲಿ ಬೆಕ್‌ಹ್ಯಾಮ್. ಇವರ ಹಿಂದೆ, ತೋರಣವಿಲ್ಲದ ಜಾಗದಲ್ಲಿ, ಕ್ಲೋಡ್ ಮಾಕೆಲೆಲೆ ಆಡುತ್ತಿದ್ದ. ಆಫ್ರಿಕದ ಕಿನ್‌ಶಾಸಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದವನು, ಆಳು ಗಿಡ್ಡ. ಎಡಗಡೆಯ ರಕ್ಷಕ ರೊಬರ್ಟೊ ಕಾರ್ಲೊಸ್ ದಾಳಿಗೆಂದು ಮುಂದೆ ಓಡಿದಾಗ ತೆರವಾದ ಜಾಗವನ್ನು ತುಂಬುವುದು, ಜಿದಾನ್ ಕಳೆದುಕೊಂಡ ಚೆಂಡನ್ನು ಮರಳಿ ತಂದು ಜಿದಾನನಿಗೇ ಕೊಡುವುದು ಇವನ ಕೆಲಸ. ಅವನಿದ್ದ ಮೂರು ಋತುಗಳಲ್ಲಿ ತಂಡ ಎರಡು ಸಲ ಲೀಗನ್ನೂ, 2002ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. ಅವನ ಸಂಬಳ ಮಾತ್ರ ಆ ತಾರೆಗಳ ಸಂಬಳದ ಒಂದು ಸಣ್ಣ ಪಾಲು. ಹೆಚ್ಚಿಸಿ ಎಂದು ಕೇಳಿದ; ಒಪ್ಪಲಿಲ್ಲ. 2003ರಲ್ಲಿ ಲಂಡನ್ನಿನ ಚೆಲ್ಸಿಗೆ ಹೊರಟುಹೋದ. ಅವನ ಆಟ ಸಾಧಾರಣ, ಮೂರು ಮೀಟರಿಗಿಂತ ದೂರಕ್ಕೆ ಚೆಂಡು ಕಳುಹಿಸುವುದೇ ಅಪರೂಪ ಎಂಬರ್ಥದ ಮಾತನ್ನು ಸಂಸ್ಥೆಯ ಅಧ್ಯಕ್ಷ ಪೆರೆಸ್ ಆಡಿದ್ದು ವರದಿಯಾಯಿತು. ಎಂಜಿನ್ನನ್ನು ಕಳೆದುಕೊಳ್ಳುತ್ತಿರುವ ಕಾರಿಗೆ ಚಿನ್ನದ ಬಣ್ಣ ಬಳಿದೇನು ಫಲ ಎಂದು ಜಿದಾನ್ ಹೇಳಿದನೆಂದೂ ಪ್ರತೀತಿ.

ಮುಂದಿನ ಋತುವಿನ ಕಡೆಯ ಐದು ಲೀಗ್ ಪಂದ್ಯಗಳಲ್ಲಿ ಐದನ್ನೂ ಸೋತು ಮ್ಯಾಡ್ರಿಡ್ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಅತ್ತ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ ಕೇವಲ 15 ಗೋಲು ಬಿಟ್ಟುಕೊಟ್ಟು, ಐವತ್ತು ವರ್ಷಗಳ ಮೇಲೆ ಇಂಗ್ಲೆಂಡಿನ ಲೀಗನ್ನು ಗೆದ್ದಿತು. ಎಲ್ಲವನ್ನೂ ಒಬ್ಬನ ಖಾತೆಗೆ ಬರೆಯುವುದು ನ್ಯಾಯವಲ್ಲ. ತರಬೇತುದಾರ ದೆಲ್ ಬೋಸ್ಕೆಯನ್ನೂ ಮ್ಯಾಡ್ರಿಡ್ ಅದೇ ಬೇಸಿಗೆಯಲ್ಲಿ ಕಳುಹಿಸಿತ್ತು. ಚೆಲ್ಸಿಯಲ್ಲಿ ಬೇರೆ ಸಮರ್ಥರೂ ಇದ್ದರು. ಆದರೂ ಆ ಮೂರು ಮೀಟರಿನ ಮಾತನ್ನು ಮತ್ತೊಮ್ಮೆ ಯೋಚಿಸಬೇಕು. ಜಿದಾನ್ ಮೂರು ಮೀಟರಿನಾಚೆ ನಿಂತಿರುವಾಗ ಚೆಂಡನ್ನು ಮೂವತ್ತು ಮೀಟರು ಕಳುಹಿಸುವುದು ಪ್ರತಿಭೆಯಲ್ಲ, ಪ್ರದರ್ಶನ. ತನಗಿಂತ ಚೆನ್ನಾಗಿ ಮಾಡಬಲ್ಲವನು ಯಾರೆಂದು ತಿಳಿದು, ಕೆಲಸವನ್ನು ತಕ್ಷಣ ಅವನಿಗೆ ಒಪ್ಪಿಸುವುದು ಸಾಮಾನ್ಯ ವಿವೇಕವಲ್ಲ.

ಇಂಥವನನ್ನು ಹೊಗಳುವಾಗ ನಮ್ಮಲ್ಲಿ ಒಂದು ಮಾತು ಬಹು ಬೇಗ ನಾಲಗೆಗೆ ಬರುತ್ತದೆ: ನಿಷ್ಕಾಮ ಕರ್ಮ. ತೆರೆಯ ಮರೆಯ ಸೇವೆ, ಹೆಸರು ಬಯಸದ ದುಡಿಮೆ ಎಂದು ಸನ್ಮಾನ ಪತ್ರದಲ್ಲಿ ಬರೆಯುತ್ತೇವೆ. ನನಗೆ ಈ ಹೊಗಳಿಕೆಯ ಬಗ್ಗೆ ಅನುಮಾನವಿದೆ. ಫಲವನ್ನು ಬಯಸದೆ ದುಡಿ ಎಂದು ತನಗೆ ತಾನೇ ಹೇಳಿಕೊಳ್ಳುವುದು ಧರ್ಮ. ಅದನ್ನೇ ತನ್ನ ಕೆಲಸದವನಿಗೆ ಹೇಳುವುದು ಬಹುಮಟ್ಟಿಗೆ ಲೋಭ. ಮಾಕೆಲೆಲೆ ಸಂಬಳ ಕೇಳಿದ್ದರಿಂದ ಅವನ ಆಟದ ನಿಸ್ವಾರ್ಥ ಸುಳ್ಳಾಗಲಿಲ್ಲ. ಮೈದಾನದಲ್ಲಿ ತನ್ನನ್ನು ಹಿಂದಿಟ್ಟುಕೊಳ್ಳುವುದು ಅವನ ಕೌಶಲ. ಮೈದಾನದ ಹೊರಗೆ ಅವನನ್ನು ಹಿಂದಿಡುವುದು ಇತರರ ಅನ್ಯಾಯ. ಇವೆರಡೂ ಒಂದೇ ಎಂದು ನಂಬಿಸಲು ವಿನಯದ ಹೆಸರು ಅನುಕೂಲವಾಗಿ ಒದಗುತ್ತದೆ.

ನಮ್ಮ ಹಳೆಯ ಕೆರೆಯ ಊರುಗಳಿಗೆ ಈ ವಿಷಯ ತಿಳಿದಿತ್ತು. ನೀರಗಂಟಿ ತೂಬನ್ನು ಕಾಯುತ್ತಿದ್ದ, ಗದ್ದೆಗದ್ದೆಗೆ ನೀರು ಹಂಚುತ್ತಿದ್ದ. ಏರಿ ಒಡೆಯದ ವರ್ಷ ಅವನು ಏನು ಮಾಡಿದನೆಂದು ತೋರಿಸಲು ಬರುತ್ತಿರಲಿಲ್ಲ. ಆದರೂ ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ದೋಷಗಳು ಬೇಕಾದಷ್ಟಿದ್ದವು. ಆದರೆ ಆಗದೆ ಹೋದ ಅನಾಹುತಕ್ಕೂ ಒಂದು ಅಳತೆಯುಂಟು ಎಂಬ ತಿಳಿವಳಿಕೆ ಆ ಕೊಳಗದಲ್ಲಿತ್ತು.

ಕೊಡಬೇಕಾದ್ದನ್ನು ಕೊಡಲು ಮೊದಲು ಕಾಣಬೇಕು. ಮ್ಯಾಡ್ರಿಡ್ಡಿನಿಂದ ಹೊರಬಿದ್ದ ಆ ದೆಲ್ ಬೋಸ್ಕೆಯೇ ಮುಂದೆ ಸ್ಪೇನಿನ ತಂಡವನ್ನು ನಡೆಸಿ 2010ರ ವಿಶ್ವಕಪ್ಪನ್ನು ಗೆಲ್ಲಿಸಿದ. ಅಂತಿಮ ಪಂದ್ಯದ 116ನೆಯ ನಿಮಿಷದಲ್ಲಿ ಇನಿಯೆಸ್ತಾ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಅದೇ ತಂಡದ ನಡುವಿನವನಾದ ಬುಸ್ಕೆಟ್ಸನ ಬಗ್ಗೆ ದೆಲ್ ಬೋಸ್ಕೆ ಹೇಳಿದ್ದು ಇಷ್ಟು: ಆಟವನ್ನು ನೋಡಿದರೆ ಬುಸ್ಕೆಟ್ಸ್ ಕಾಣುವುದಿಲ್ಲ, ಬುಸ್ಕೆಟ್ಸನನ್ನು ನೋಡಿದರೆ ಇಡೀ ಆಟ ಕಾಣುತ್ತದೆ. ಮಿತ್ರರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋರದು.

ನಮ್ಮ ಮನೆಯ ಬಾಗಿಲಿಗೇ ಬರುವುದಾದರೆ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸಿನ ಕಾಲ್ಚೆಂಡಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಆಸ್ಟ್ರೇಲಿಯದ ಮೇಲೆ ನೆವಿಲ್ ಡಿಸೋಜಾ ಹೊಡೆದ ಮೂರು ಗೋಲುಗಳು ಇಂದಿಗೂ ನಮ್ಮ ಅಭಿಮಾನದ ಮಾತು. ಆ ತಂಡದ ಹಾಫ್‌ಬ್ಯಾಕ್ ಸಾಲಿನಲ್ಲಿ ಬೆಂಗಳೂರಿನ ಕೆಂಪಯ್ಯನವರಿದ್ದರು. ಅಂದು ಅವರು ಎಷ್ಟು ದಾರಿಗಳನ್ನು ಮುಚ್ಚಿದರೋ, ಎಷ್ಟು ಚೆಂಡುಗಳನ್ನು ಮುಂದಿನವರಿಗೆ ಒಪ್ಪಿಸಿದರೋ, ಯಾರೂ ಎಣಿಸಿಡಲಿಲ್ಲ. ಹೆಸರನ್ನಾದರೂ ನಾವು ಮರೆಯದಿರಬಹುದು.